ಅಂಜುತ್ತಲೇ ಹೋದ ನರ್ಸಮ್ಮ

ಹಲ್ಲಿ ಲೊಚಗುಟ್ಟಿದರೆ ಬೆಚ್ಚಿಬೀಳುವ ನರ್ಸನ್ನು ನಾನು ನೋಡಿದ್ದು ಆಕೆಯೊಬ್ಬಳನ್ನೇ. ಗುಡುಗಿಗೆ, ಟಾಂಗಾದ ಕುದುರೆಗೆ, ಪೊಲೀಸರ ಬೂಟಿನ ಸಪ್ಪಳಕ್ಕೆ, ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮನ ಕೆಮ್ಮಿಗೆ ಕೂಡ ಆಕೆ ಹೆದರುತ್ತಿದ್ದಳು. ರೈಲು ನಿಲ್ದಾಣಕ್ಕೆ ಹೋದರೆ ಗಾಡಿ ಬಂದು ನಿಂತ ಮೇಲೂ ಗೋಡೆಗೆ ಬೆನ್ನು ಹಚ್ಚಿಕೊಂಡೇ ಇರುವಳು. ಆದರೆ ಹೆರಿಗೆ ಕೋಣೆಯೊಳಗೆ ಕಾಲಿಟ್ಟಳೆಂದರೆ ಆ ಕೈಗಳು ಬೇರೆ ಯಾರವೋ ಅನ್ನಿಸುತ್ತಿತ್ತು. ಕೂಸು ಅಡ್ಡ ತಿರುಗಿರಲಿ, ತಾಯಿಗೆ ಫಿಟ್ಸ್ ಬಂದಿರಲಿ, ಅಲ್ಲಿ ಅವು ನಡುಗಿದ್ದನ್ನು ಯಾರೂ ಕಂಡಿರಲಿಲ್ಲ.

ಆಕೆ ದೇವದುರ್ಗದಲ್ಲಿ ತೀರಿಕೊಂಡ ಸುದ್ದಿಯನ್ನು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದಳು. ಮಣ್ಣಿಗೆ ಬಹಳ ಜನ ಬಂದಿದ್ದರಂತೆ, ಅದರಲ್ಲೂ ಹೆಂಗಸರು. ಕೇಳಿ ನನಗೆ ಅಳು ಬರಲಿಲ್ಲ. ಬದಲಿಗೆ ಆಕೆಯ ಒಂದೊಂದೇ ಮಾತು ನೆನಪಾಗತೊಡಗಿತು. ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ರಾಯಚೂರಿನಲ್ಲಿ ಎಲ್ಲರೂ ಆಕೆಯನ್ನು ನರ್ಸಮ್ಮ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ.

ನಾನು ಧಾರವಾಡದ ಕಡೆಯವಳು. ಯುದ್ಧ ನಡೆದಿದ್ದ ವರ್ಷಗಳಲ್ಲಿ ರಾಯಚೂರಿನ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಬಂದೆ. ನಿಜಾಮರ ಸೀಮೆ, ಕಚೇರಿಯ ಬೋರ್ಡುಗಳೆಲ್ಲ ಉರ್ದುವಿನಲ್ಲಿ, ನನಗೆ ಒಂದಕ್ಷರವೂ ತಿಳಿಯದು. ಮಿಷನ್ ಆಸ್ಪತ್ರೆಯ ಹಿಂದಿನ ಸಾಲುಮನೆಯಲ್ಲಿ ನನಗೊಂದು ಖೋಲಿ ಸಿಕ್ಕಿತು. ಪಕ್ಕದ ಖೋಲಿ ನರ್ಸಮ್ಮನದು. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಆಕೆ ಕ್ರೈಸ್ತಳು. ಹುಟ್ಟಿದ್ದು ಮಾನ್ವಿಯ ಹೊರಕೇರಿಯಲ್ಲಿ. ಚಿಕ್ಕವಳಿದ್ದಾಗಲೇ ತಾಯಿತಂದೆ ಪ್ಲೇಗಿನಲ್ಲಿ ಹೋದರು, ಮಿಷನ್ನಿನವರು ಸಾಕಿ ಓದಿಸಿ ನರ್ಸ್ ಮಾಡಿದರು. ನಮ್ಮ ಖೋಲಿಗಳ ನಡುವಿನ ಗೋಡೆ ಮಾಡಿನವರೆಗೆ ಮುಟ್ಟಿರಲಿಲ್ಲ. ಆದ್ದರಿಂದ ನಸುಕಿನಲ್ಲಿ ಆಕೆ ಮಾಡುವ ಪ್ರಾರ್ಥನೆಯೆಲ್ಲ ನನಗೆ ಕೇಳಿಸುತ್ತಿತ್ತು.

ಅದು ಪುಸ್ತಕದ ಪ್ರಾರ್ಥನೆಯಲ್ಲ. ಮನೆಯ ಹಿರಿಯನೊಬ್ಬನ ಜೊತೆ ಜಗಳ ಆಡಿದ ಹಾಗೆ ಇರುತ್ತಿತ್ತು. “ಯೇಸಪ್ಪಾ, ಕಿಡಕಿ ಬಾಜೂ ಮಂಚದಾಕಿಗೆ ಇನ್ನಾ ನೋವು ಬಂದಿಲ್ಲ. ನಿನಗ ನಿನ್ನೇನ ಹೇಳೀನಿ. ಮರ್ತೀಯೇನು? ಆಕಿ ಗಂಡ ಹೊರಗ ಮರದ ಬುಡಕ ಕುಂತಾನ, ಉಂಡಿಲ್ಲ ಪಾಪ, ಅವನ್ನೂ ನೋಡು.” ಹೀಗೆ ಸಾಗುವುದು. ಕೊನೆಯಲ್ಲಿ ದನಿ ಇಳಿಸಿ ಪ್ರತಿದಿನವೂ ಒಂದೇ ಮಾತು: “ನನ್ನ ಅಂಜಿಕಿ ತೆಗೀ ನನ್ನಪ್ಪ.” ಆಮೇಲೆ ಕಣ್ಣೊರೆಸಿಕೊಂಡು ಚಹಾಕ್ಕೆ ನೀರಿಡುವಳು, ನನಗೂ ಒಂದು ಲೋಟ ಕೊಡುವಳು. ಮೊದಮೊದಲು ನಾನು ತೆಗೆದುಕೊಳ್ಳುತ್ತೇನೋ ಇಲ್ಲವೋ ಎಂದು ಲೋಟವನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದಳು. ನಾನು ಕುಡಿದೆ.

ಭಾನುವಾರಗಳಲ್ಲಿ ಹಾಡು ಕೇಳುವ ಆಸೆಗೆ ನಾನೂ ಕೆಲವು ಸಲ ಆಕೆಯ ಸಂಗಡ ಮಿಷನ್ನಿನ ದೇವಾಲಯಕ್ಕೆ ಹೋದೆ. ತಿಂಗಳಿಗೊಮ್ಮೆ ಅಲ್ಲಿ ಕರ್ತನ ಭೋಜನವಿರುತ್ತಿತ್ತು. ರೊಟ್ಟಿಯ ತುಣುಕನ್ನೂ ದ್ರಾಕ್ಷಾರಸವನ್ನೂ ಜನ ಮೊಣಕಾಲೂರಿ ತೆಗೆದುಕೊಳ್ಳುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ನರ್ಸಮ್ಮ ಎದ್ದು ಹೊರಗೆ ಹೋಗಿಬಿಡುತ್ತಿದ್ದಳು. ಒಮ್ಮೆ ಕೇಳಿದೆ. “ವಾರ್ಡಿನಾಗ ಕೆಲಸ ಅದರಿ ಅಕ್ಕೋರ,” ಅಂದಳು. ಆ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತಾರೆ. ಅವತ್ತು ಆಕೆಗೆ ವಾರ್ಡಿನಲ್ಲಿ ಕೆಲಸವಿರಲಿಲ್ಲ, ಅದು ನನಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಆಕೆಯನ್ನು ಹುಡುಕಿಕೊಂಡು ಕುರ್ಡಿಯಿಂದ ಒಬ್ಬ ಹೆಂಗಸು ಬಂದಳು. ಒಕ್ಕಲುತನದ ಮನೆಯವಳು. ಗಂಡ ಸತ್ತ ಮೇಲೆ ಹೊಲಮನೆ ತಾನೇ ನೋಡಿಕೊಳ್ಳುತ್ತಿದ್ದವಳು. ಹಣೆಯ ತುಂಬ ವಿಭೂತಿ, ಬಿಸಿಲಿಗೆ ಕಪ್ಪಾದ ಗಟ್ಟಿ ಮುಖ. ಪೇಟೆಯಲ್ಲಿ ಕೊಂಡ ಬಟ್ಟೆಯ ಗಂಟನ್ನು ಕೆಳಗಿಟ್ಟವಳೇ ನರ್ಸಮ್ಮನ ಕಾಲು ಹಿಡಿಯಲು ಬಗ್ಗಿದಳು. ನರ್ಸಮ್ಮ ಕೆಂಡ ತುಳಿದವಳ ಹಾಗೆ ಕಾಲು ಹಿಂದೆಳೆದಳು.

“ನನ್ನ ಹಿರೇಮಗಳ ಜೀವ ಹೋಗೋವಾಗ ಬಾಯಾಗ ನೀರು ಬಿಟ್ಟಾಕಿ ಈ ತಾಯೀರಿ,” ಎಂದು ಆ ಹೆಂಗಸು ನನಗೆ ಹೇಳಿದಳು. ಆಮೇಲೆ ನರ್ಸಮ್ಮನ ಕಡೆ ತಿರುಗಿ, “ಸಣ್ಣಾಕಿಗೆ ಗಂಡು ಗೊತ್ತಾತು ಯವ್ವಾ. ದೇವದುರ್ಗದ ಅದ ಮನಿ. ಹಿರೇಮಗಳ ಗಂಡಗ ಕೊಡಾಕತ್ತೀನಿ. ಅವನ ಅಪ್ಪ ಸಾವಕಾರ್ರು ದೊಡ್ಡ ಮನಸಿನವರು. ನಾ ಮಾಡಿದ ಪಾಪಕ್ಕ ಬ್ಯಾರೇದವರಾಗಿದ್ರ ನಮ್ಮ ಮುಖಾನೂ ನೋಡ್ತಿದ್ದಿಲ್ಲ. ಅವರಾಗಿ ಬಂದು ಹೆಣ್ಣು ಕೇಳ್ಯಾರ. ಹಿರೇಮಗಳು ಬಿಟ್ಟುಹೋದ ಮೊಮ್ಮಗಳಿಗೂ ಒಬ್ಬಾಕಿ ತಾಯಿ ಸಿಕ್ಕಂಗಾತು,” ಅಂದಳು.

“ನೀವೇನು ಪಾಪ ಮಾಡೀರಿ?” ಎಂದು ನಾನು ಕೇಳಿದೆ.

“ಬಸುರಿ ಮಗಳಿಗೆ ಎಳ್ಳಿನ ಹೋಳಿಗಿ ಕಳಿಸಿದೆರಿ. ಬಯಕಿ ಆಗ್ಯಾವ ಅಂತ ಹೇಳಿ ಕಳಿಸಿದ್ಲು. ಎಳ್ಳು ಉಷ್ಣ, ಬಸುರು ಇಳೀತದ ಅನ್ನೋದು ನನಗೇನು ಗೊತ್ತಿದ್ದಿಲ್ಲೇನು? ಆದ್ರೂ ಕಳಿಸಿದೆ. ತಿಂದ್ಲು, ಹೊಟ್ಟಿನೋವು ಬಂತು, ಕೂಸೂ ಹೋತು, ಆಕೀನೂ ಹೋದ್ಲು. ಅವತ್ತಿನಿಂದ ನಮ್ಮ ಹೊಲದಾಗ ಎಳ್ಳು ಬಿತ್ತಿಲ್ಲ. ಕೇಳ್ರಿ ಬೇಕಾದ್ರ, ಈಕಿನೂ ಇದ್ಲು ಅಲ್ಲೆ. ಹೌದಲ್ಲ ಯವ್ವಾ?”

“ಚಾ ಮಾಡ್ತೀನಿ,” ಎಂದು ನರ್ಸಮ್ಮ ಒಳಗೆ ಹೋದಳು. ಒಳಗಿನಿಂದ ಲೋಟ ಬಿದ್ದ ಸದ್ದು ಕೇಳಿತು. ಹುಣ್ಣಿಮೆ ಮುಗಿದ ಸೋಮವಾರ ಹುಡುಗಿಗೆ ಉಡಿ ತುಂಬುವ ಶಾಸ್ತ್ರವಿದೆ, ತಪ್ಪದೆ ಬರಬೇಕು ಎಂದು ಹೇಳಿ ಆ ಹೆಂಗಸು ಹೊರಟುಹೋದಳು.

ಅಂದು ಸಂಜೆ ನರ್ಸಮ್ಮ ನನ್ನ ಖೋಲಿಗೆ ತಾನಾಗಿ ಬಂದು ಕುಳಿತಳು. ಕೆಲವು ವರ್ಷಗಳ ಹಿಂದೆ ಆಕೆ ದೇವದುರ್ಗದಲ್ಲಿ ಮಿಷನ್ನಿನ ಸಣ್ಣ ದವಾಖಾನೆ ನೋಡಿಕೊಳ್ಳುತ್ತಿದ್ದಳು. ಆಗ ಕಾಳಿನ ವ್ಯಾಪಾರಿಯಾದ ಆ ಸಾಹುಕಾರರ ಮನೆಯಿಂದ ಕರೆ ಬಂತು. ಹೋಗಿ ನೋಡಿದರೆ ಏಳು ತಿಂಗಳ ಬಸುರಿ ಸೊಸೆ ರಕ್ತದಲ್ಲಿ ತೋಯ್ದು ಮಲಗಿದ್ದಳು. ಕೂಸು ಹೊಟ್ಟೆಯಲ್ಲೇ ಸತ್ತಿತ್ತು. ಹೊಟ್ಟೆಯ ಮೇಲೆ ರಕ್ತ ಹೆಪ್ಪುಗಟ್ಟಿದ ಬಾವು. “ಇವರು ಒದ್ದ್ರು,” ಅಂದಳಂತೆ ಆ ಹುಡುಗಿ, ಗಂಡನ ಹೆಸರು ಹೇಳದೆ. ಸ್ವಲ್ಪ ಹೊತ್ತಿಗೆ ಪ್ರಾಣ ಹೋಯಿತು.

“ಹೊರಗ ಬಂದೆ. ಸಾವಕಾರ್ರು ಬಾಗಲದಾಗ ನಿಂತಿದ್ರು,” ಎಂದು ನರ್ಸಮ್ಮ ಹೇಳಿದಳು. “‘ತವರುಮನಿ ಎಳ್ಳಿನ ಹೋಳಿಗಿ ತಿಂದು ಹಿಂಗಾತು. ನೀನೂ ಹಂಗ ಹೇಳ್ಬೇಕು. ಇಲ್ಲಂದ್ರ ಈ ಊರಾಗ ನಿಮ್ಮ ದವಾಖಾನಿ ಇರಾಂಗಿಲ್ಲ, ನೀನೂ ಇರಾಂಗಿಲ್ಲ,’ ಅಂದ್ರು. ಪೊಲೀಸ್ ಅಮೀನ ಬಂದು ಕೇಳ್ದ. ಹಂಗ ಹೇಳಿದೆ. ಆಮ್ಯಾಲ ತಾಯಿ ಬಂದ್ಲು. ನನ್ನ ಎರಡೂ ಕೈ ಹಿಡಕೊಂಡು, ‘ಎಳ್ಳಿನಿಂದ ಹಿಂಗಾತೇನು ಯವ್ವಾ?’ ಅಂದ್ಲು. ಆಕಿಗೂ ಹೌದಂದೆ.”

ಆ ಊರಲ್ಲಿ ಇರಲಾರದೆ ಮಿಷನ್ನಿನವರನ್ನು ಬೇಡಿಕೊಂಡು ರಾಯಚೂರಿಗೆ ಬಂದಿದ್ದಳು. ಕರ್ತನ ಭೋಜನದ ಹೊತ್ತಿಗೆ ಎದ್ದು ಹೋಗುತ್ತಿದ್ದುದು ಯಾಕೆಂದು ಆಗ ನನಗೆ ತಿಳಿಯಿತು. ಪಾಪ ಬಚ್ಚಿಟ್ಟುಕೊಂಡವರು ಆ ರೊಟ್ಟಿಯನ್ನು ಮುಟ್ಟಬಾರದಂತೆ.

“ಹಂಗಾರ ನಾಳೇನ ಹೋಗಿ ಹೇಳ್ರಿ,” ಅಂದೆ. ನನ್ನ ಪಾಲಿಗೆ ಅದು ಅಷ್ಟು ಸರಳವಾಗಿ ಕಂಡಿತು.

“ಅಂಜಿಕಿ ಬರ್ತದ ಅಕ್ಕೋರ,” ಅಂದಳು. ನೆವ ಹೇಳುವವರ ದನಿ ಅಲ್ಲ ಅದು. ಜ್ವರ ಬಂದಿದೆ ಅನ್ನುವವರು ಹಾಗೆ ಹೇಳುತ್ತಾರೆ.

ಮರುದಿನ ಪಾದ್ರಿ ಅಯ್ಯನವರ ಮನೆಗೆ ಹೋಗುವಾಗ ಒಬ್ಬಳೇ ಹೋಗಲಾರೆನೆಂದು ನನ್ನನ್ನೂ ಕರೆದುಕೊಂಡು ಹೋದಳು. ಅಯ್ಯನವರು ವಯಸ್ಸಾದವರು, ಸೌಮ್ಯ ಸ್ವಭಾವದವರು. ಎಲ್ಲ ಕೇಳಿದರು. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. “ತಂಗಿ, ನೀ ಮನಸಾರೆ ಪಶ್ಚಾತ್ತಾಪ ಪಟ್ಟೀದಿ. ದೇವರು ಕ್ಷಮಿಸ್ಯಾನ. ಸಮಾಧಾನದಿಂದ ಹೋಗು,” ಅಂದರು.

ನರ್ಸಮ್ಮ ಏಳಲಿಲ್ಲ. “ದೇವರು ಕ್ಷಮಿಸಿದ್ರ ನನಗ ಆತ್ರಿ ಅಯ್ಯನವರ. ಆ ಸಣ್ಣ ಹುಡುಗಿಗೇನಾತು? ನನ್ನ ಪಾಪ ತೊಳದು ಹೋತು ಅಂತ ನಾ ಇಲ್ಲಿ ಹಾಡು ಹಾಡಿಕೋತ ಕುಂತ್ರ, ಆಕಿ ಅಲ್ಲಿ ಒದಿಸಿಕೋಬೇಕೇನ್ರಿ?”

ಸಾಹುಕಾರರು ಎಂಥವರೆಂಬುದು ಅಯ್ಯನವರಿಗೂ ಗೊತ್ತಿತ್ತು; ಅವರ ಒಂದು ಮಾತಿಗೆ ದವಾಖಾನೆ ಮುಚ್ಚಬಹುದಿತ್ತು. ಕೊನೆಗೆ, “ನಾ ಹೇಳಿದ್ದು ಅರ್ಧ ಆತು. ಉಳಿದರ್ಧ ನೀನ ಹೇಳಿದಿ. ಹೋಗು. ದವಾಖಾನಿ ಹೋದ್ರ ಹೋಗಲಿ, ಅದನ್ನ ನಾ ನೋಡ್ಕೋತೀನಿ,” ಅಂದರು. ಹೊರಡುವಾಗ ಅವರೇ ಎದ್ದು ಬಾಗಿಲವರೆಗೆ ಬಂದರು.

ಹಾಗೆಂದು ಆಕೆ ಕೂಡಲೇ ಹೊರಡಲಿಲ್ಲ. ಮಂಗಳವಾರ ಹೋಗುತ್ತೇನೆ ಅಂದಳು, ಅಂದು ತಲೆನೋವು. ಗುರುವಾರ ಹೋಗುತ್ತೇನೆ ಅಂದಳು. ಅಂದು ವಾರ್ಡಿನಲ್ಲಿ ಒಬ್ಬಳಿಗೆ ಕಷ್ಟವಾಗಿತ್ತು, ಅದು ನಿಜ. ಆದರೆ ಶುಕ್ರವಾರ ಯಾವ ಕಷ್ಟವೂ ಇರಲಿಲ್ಲ. ನಸುಕಿನ ಪ್ರಾರ್ಥನೆಯಲ್ಲಿ ರೋಗಿಗಳ ಸುದ್ದಿ ನಿಂತುಹೋಯಿತು. “ನಾ ಸುಳ್ಳ ಹೇಳಿದೆ ಯೇಸಪ್ಪಾ. ತಾಯಿ ಕೈ ಹಿಡಕೊಂಡು ಕೇಳಿದ್ಲು, ಸುಳ್ಳ ಹೇಳಿದೆ,” ಎಂಬುದೊಂದೇ. ಗೋಡೆಯ ಈಚೆ ನಾನು ಒಲೆ ಹೊತ್ತಿಸುತ್ತ ಅದನ್ನು ಕೇಳುತ್ತಿದ್ದೆ. ಇನ್ನೊಬ್ಬರ ದೇವರ ಜೊತೆಗಿನ ಮಾತು ಕೇಳಬಾರದೆಂದು ಗೊತ್ತಿದ್ದರೂ ಕಿವಿ ಮುಚ್ಚಿಕೊಳ್ಳಲಿಲ್ಲ.

ಉಡಿ ತುಂಬುವ ಸೋಮವಾರವೇ ಬಂದುಬಿಟ್ಟಿತು. ಅಂದು ನಸುಕಿನಲ್ಲಿ ಪ್ರಾರ್ಥನೆ ಬೇರೆ ಥರ ಕೇಳಿತು. ಅಳು ಇರಲಿಲ್ಲ. “ಅಂಜಿಕಿ ತೆಗೀ ಅಂತ ಇಷ್ಟು ವರ್ಷ ಬೇಡಿದೆ. ನೀ ತೆಗೀಲಿಲ್ಲ. ಆತು, ಇರಲಿ. ಅಂಜಿಕಿ ಬೇಕಾದ್ರ ನನ್ನ ಕೂಡ ಬರಲಿ. ಕಾಲು ಅಷ್ಟ ಮುಂದಕ್ಕ ಇಡಿಸು.” ತುಸು ಹೊತ್ತಿನಲ್ಲಿ ನನ್ನ ಬಾಗಿಲು ಬಡಿದಳು. ಬಿಳಿ ಸೀರೆ ಉಟ್ಟು ತಯಾರಾಗಿದ್ದಳು. “ಬರ್ತೀರೇನ್ರಿ ಅಕ್ಕೋರ? ನೀವು ಮಾತಾಡೂದು ಬ್ಯಾಡ. ಬಾಜೂಕ ನಿಲ್ರಿ ಸಾಕು.” ನಾನು ಶಾಲೆಗೆ ರಜೆ ಹೇಳಿ ಕಳಿಸಿದೆ.

ಪೆಟ್ರೋಲು ಸಿಗದ ಕಾಲ. ಹಿಂದೆ ಇದ್ದಿಲಿನ ಒಲೆ ಕಟ್ಟಿಕೊಂಡ ಬಸ್ಸು ಕೆಮ್ಮುತ್ತ ಏರುಗಳಲ್ಲಿ ನಿಲ್ಲುತ್ತ ಮಾನ್ವಿ ಮುಟ್ಟುವಾಗ ಬಿಸಿಲು ಏರಿತ್ತು. ದಾರಿಯುದ್ದಕ್ಕೂ ಆಕೆಯ ತುಟಿಗಳು ಆಡುತ್ತಲೇ ಇದ್ದವು. ಮಾನ್ವಿಯಲ್ಲಿ ಇಳಿದವಳೇ ಒಂದು ಗೋಡೆಯ ಮರೆಗೆ ಹೋಗಿ ವಾಂತಿ ಮಾಡಿದಳು. ಬಾಯಿ ತೊಳೆದು ಬಂದು, “ನಾಳಿ ಹೋಗೂಣೇನ್ರಿ?” ಅಂದಳು.

“ನಾಳಿ ಹೋಗಿ ಏನು ಮಾಡ್ತೀರಿ ನರ್ಸಮ್ಮ?” ಅಂದೆ.

ಆಕೆ ತಲೆಯಾಡಿಸಿದಳು. ಕುರ್ಡಿಯ ಕಡೆ ಹೊರಟಿದ್ದ ಒಂದು ಎತ್ತಿನ ಗಾಡಿಯವನನ್ನು ತಾನೇ ಕೂಗಿ ನಿಲ್ಲಿಸಿದಳು.

ನಾವು ಹೋಗುವಷ್ಟರಲ್ಲಿ ಮನೆಯ ಪಡಸಾಲೆಯಲ್ಲಿ ಜನ ಕೂತಾಗಿತ್ತು. ಜಮಖಾನೆಯ ಮೇಲೆ ಸಾಹುಕಾರರು, ಅವರ ಬಳಗದ ನಾಲ್ಕಾರು ಗಂಡಸರು, ಊರ ಹಿರಿಯರು. ಒಳಬಾಗಿಲ ಹತ್ತಿರ ಹೆಂಗಸರು. ಮಣೆಯ ಮೇಲೆ ಹೊಸ ಸೀರೆಯುಟ್ಟ ಹುಡುಗಿ. ಉಡಿಯಲ್ಲಿ ಆಗಲೇ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ ಬಿದ್ದಿದ್ದವು. ಹುಡುಗಿಗೆ ಹದಿನಾರು ಇರಬಹುದು, ನನ್ನ ಶಾಲೆಯ ದೊಡ್ಡ ಹುಡುಗಿಯರಂತೆಯೇ ಇದ್ದಳು. ತಾಯಿ ನಮ್ಮನ್ನು ಕಂಡು, “ಬಂದ್ಯಾ ಯವ್ವಾ, ಮ್ಯಾಲ ಬಾ,” ಎಂದು ಕರೆದಳು. ನರ್ಸಮ್ಮ ಕಟ್ಟೆ ಹತ್ತಲಿಲ್ಲ. ಆ ಮನೆಗಳಲ್ಲಿ ತಾನು ಎಲ್ಲಿಯವರೆಗೆ ಹೋಗಬಹುದು ಎಂಬುದು ಆಕೆಗೆ ಗೊತ್ತಿತ್ತು. ಅಂಗಳದಲ್ಲೇ ನಿಂತಳು. ನಾನು ಆಕೆಯ ಪಕ್ಕದಲ್ಲಿದ್ದೆ. ಆಕೆಯ ಹಲ್ಲು ಕಟಕಟ ಅನ್ನುವುದು ನನಗೆ ಕೇಳುತ್ತಿತ್ತು.

“ಯವ್ವಾ, ಒಂದು ಮಾತು ಅದ. ಎಲ್ಲಾರ ಮುಂದ ಹೇಳ್ತೀನಿ,” ಅಂದಳು. “ನಿನ್ನ ಹಿರೇಮಗಳು ಎಳ್ಳಿನಿಂದ ಸತ್ತಿಲ್ಲ. ಗಂಡ ಹೊಟ್ಟಿಗಿ ಒದ್ದ. ಅದರಿಂದ ಸತ್ಲು. ಆಕಿ ತಾನ ನನಗ ಹೇಳಿದ್ಲು, ಬಾವು ನಾ ಕಣ್ಣಾರೆ ನೋಡೀನಿ. ಅವತ್ತ ನಿನಗ ನಾ ಸುಳ್ಳ ಹೇಳಿದೆ.”

ಮೊದಲು ಮಾತಾಡಿದವರು ಸಾಹುಕಾರರು. ಅವರು ಕೂಗಲಿಲ್ಲ. “ಯಾರೋ ಹೇಳಿಕೊಟ್ಟು ಕಳಿಸ್ಯಾರ ಈಕಿನ್ನ. ಶುಭಕಾರ್ಯದಾಗ ಜಾತಿಗೆಟ್ಟಾಕಿ ಮಾತು ಕೇಳಿಕೋತ ಕೂಡ್ತೀರೇನು? ಅಂಗಳದಿಂದ ಹೊರಗ ಹಾಕ್ರಿ,” ಅಂದರು. ಇಬ್ಬರು ಎದ್ದರು.

ತಾಯಿ ಕೈ ಎತ್ತಿ ಅವರನ್ನು ತಡೆದಳು. ಮೆಟ್ಟಿಲಿಳಿದು ನರ್ಸಮ್ಮನ ಎದುರಿಗೆ ಬಂದು ನಿಂತಳು. “ನನ್ನ ಮಗಳು ಹೋಳಿಗಿ ತಿಂದಿದ್ಲೋ ಇಲ್ಲೋ?”

“ತಿಂದಿದ್ದಿಲ್ಲ ಯವ್ವಾ. ಬುತ್ತಿ ಗಂಟು ಹಂಗ ಮೂಲ್ಯಾಗ ಇತ್ತು. ಬಿಚ್ಚಿದ್ದಿಲ್ಲ.”

ಈ ಮಾತನ್ನು ಆಕೆ ನನಗೂ ಹೇಳಿರಲಿಲ್ಲ.

“ಯಾವ ಬಟ್ಟಿಯಾಗ ಕಟ್ಟಿದ್ದೆ?” ತಾಯಿಯ ದನಿ ಸಣ್ಣದಾಗಿತ್ತು.

“ಹಸರು ಚೌಕಳಿ ಬಟ್ಟಿ. ಒಂದು ತುದಿ ಸುಟ್ಟಿತ್ತು. ಗಂಟಿನಾಗ ಬೇವಿನ ಎಲಿ ಸಿಗಿಸಿದ್ದಿ. ಎಲಿ ಇನ್ನಾ ಹಸೀನ ಇತ್ತು.”

ತಾಯಿ ನಿಂತಲ್ಲೇ ಕಣ್ಣು ಮುಚ್ಚಿದಳು. ಬೀಳುತ್ತಾಳೇನೋ ಎಂದು ನಾನು ಮುಂದೆ ಹೆಜ್ಜೆಯಿಟ್ಟೆ. ಬೀಳಲಿಲ್ಲ. ತಿರುಗಿ ಕಟ್ಟೆ ಹತ್ತಿ ಮಗಳ ಹತ್ತಿರ ಹೋದಳು. ಉಡಿಯಲ್ಲಿದ್ದ ಅಕ್ಕಿ, ಕಾಯಿ, ಎಲೆ ಎಲ್ಲವನ್ನೂ ಎರಡೂ ಕೈಯಿಂದ ಬಾಚಿ ಪಕ್ಕದಲ್ಲಿದ್ದ ಹಿತ್ತಾಳೆಯ ಪರಾತಕ್ಕೆ ಸುರಿದಳು. ಪರಾತವನ್ನು ಸಾಹುಕಾರರ ಮುಂದೆ ಸರಿಸಿ, “ಏಳ್ರಿ ಸಾವಕಾರ್ರ,” ಅಂದಳು. ಮತ್ತೇನೂ ಅನ್ನಲಿಲ್ಲ. ಸಾಹುಕಾರರು ತಮ್ಮ ಜನರ ಮುಖ ನೋಡಿದರು, ಊರ ಹಿರಿಯರ ಮುಖ ನೋಡಿದರು. ಯಾರೂ ಏಳಿರೆಂದೂ ಅನ್ನಲಿಲ್ಲ, ಕೂಡಿರೆಂದೂ ಅನ್ನಲಿಲ್ಲ. ಅವರು ಎದ್ದರು. ನರ್ಸಮ್ಮನ ಪಕ್ಕದಿಂದ ಹಾದು ಹೋಗುವಾಗ, “ನೋಡ್ಕೋತೀನಿ ನಿನ್ನ,” ಎಂದು ಮೆಲ್ಲಗೆ ಹೇಳಿದ್ದು ನನಗೆ ಕೇಳಿತು.

ಇನ್ನು ತಾಯಿ ಬಂದು ನರ್ಸಮ್ಮನನ್ನು ತಬ್ಬಿಕೊಳ್ಳುತ್ತಾಳೆ ಎಂದುಕೊಂಡೆ. ಹಾಗಾಗಲಿಲ್ಲ.

“ಇಷ್ಟು ವರ್ಷ ಯಾಕ ಹೇಳಲಿಲ್ಲ?” ಎಂದು ಆಕೆ ಮೇಲಿನಿಂದಲೇ ಕೇಳಿದಳು.

“ಅಂಜಿದೆ ಯವ್ವಾ.”

“ನೀನೂ ಹೋಗು. ಇವತ್ತ ನಿನ್ನ ಮುಖ ನೋಡೂದು ನನಗ ಆಗಂಗಿಲ್ಲ.”

ನಾವು ಹೊರಟೆವು. ಗಾಡಿ ಸಿಗುವವರೆಗೆ ಬಿಸಿಲಲ್ಲಿ ನಡೆದೆವು. ನನಗೆ ಆ ತಾಯಿಯ ಮೇಲೆ ಸಿಟ್ಟು ಬಂದಿತ್ತು. ನರ್ಸಮ್ಮನಿಗೆ ಬಂದಿರಲಿಲ್ಲ. “ಆಕಿ ಅಂದದ್ದು ಬರೋಬ್ಬರಿ ಅದ ಅಕ್ಕೋರ. ಕ್ಷಮಾ ಸಿಗಲಿ ಅಂತ ನಾ ಬಂದಿದ್ದಿಲ್ಲ. ಹುಡುಗಿ ಉಳೀಲಿ ಅಂತ ಬಂದೆ,” ಅಂದಳು. ಸ್ವಲ್ಪ ದೂರ ನಡೆದ ಮೇಲೆ, “ಆದ್ರೂ ಒಂದು ತಂಬಿಗಿ ನೀರು ಕೊಟ್ಟಿದ್ರ ಚಲೋ ಇತ್ತು,” ಅಂದು ಅತ್ತಳು.

ಮುಂದಿನ ತಿಂಗಳ ಕರ್ತನ ಭೋಜನದ ದಿನವೂ ಆಕೆ ಎದ್ದು ಹೊರಗೆ ಬಂದಳು. ಯಾಕೆಂದು ಕೇಳಿದರೆ, ದೊಡ್ಡ ಡಾಕ್ಟರಮ್ಮನಿಗೆ ಇನ್ನೂ ಹೇಳಿಲ್ಲ ಅಂದಳು. ಅದೇ ವಾರ ಹೋಗಿ ಹೇಳಿದಳು. ಡಾಕ್ಟರಮ್ಮ ಕಟ್ಟುನಿಟ್ಟಿನ ಹೆಂಗಸು. ಸಾವಿನ ಬಗ್ಗೆ ಸುಳ್ಳು ಹೇಳಿದವಳ ಕೈ ಹೆರಿಗೆ ಕೋಣೆಗೆ ಬೇಡವೆಂದು ಬಟ್ಟೆ ಒಗೆಯುವ ಕಡೆ ಹಾಕಿದರು. ಸಾಹುಕಾರರ ದೂರೂ ಬಂತು. ಅಯ್ಯನವರು ತಾವು ಕೊಟ್ಟ ಮಾತಿನಂತೆ ಹೋಗಿ ಅದನ್ನು ಎದುರಿಸಿದರು, ದವಾಖಾನೆ ಉಳಿಯಿತು. ಪೊಲೀಸರು ಮಾತ್ರ ಹಳೆಯ ಪ್ರಕರಣ ಎಂದು ಕೈಚೆಲ್ಲಿದರು. ಆ ಗಂಡನಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ನರ್ಸಮ್ಮ ಇಡೀ ಮಳೆಗಾಲ ಆಸ್ಪತ್ರೆಯ ಚಾದರ ಕುದಿಸುತ್ತ ಕಳೆದಳು. ಕರ್ತನ ಭೋಜನವನ್ನು ಆ ದಿನಗಳಲ್ಲೇ ತೆಗೆದುಕೊಂಡಳು, ಬಟ್ಟೆ ಒಗೆಯುವ ಸೋಡಾದಲ್ಲಿ ಬಿರಿದ ಕೈಗಳನ್ನು ಚಾಚಿ. ನಾನು ಹಿಂದಿನ ಬೆಂಚಿನಲ್ಲಿದ್ದೆ.

ಸುಗ್ಗಿಯ ಹೊತ್ತಿಗೆ ಕುರ್ಡಿಯ ತಾಯಿ ಬಂದಳು. ಜೊತೆಗೆ ಮೊಮ್ಮಗಳಿದ್ದಳು, ಹೆಣ್ಣುಕೂಸು ತಮಗೇಕೆಂದು ಸಾಹುಕಾರರ ಮನೆಯವರೇ ಕಳಿಸಿಕೊಟ್ಟಿದ್ದರಂತೆ. ಆಕೆ ಒಂದು ಸಣ್ಣ ಗಂಟನ್ನು ನರ್ಸಮ್ಮನ ಹೊಸ್ತಿಲ ಮೇಲಿಟ್ಟು, “ಈ ವರ್ಷ ಎಳ್ಳು ಬಿತ್ತಿದ್ದೆ,” ಅಂದಳು. ಚಹಾ ಕುಡಿದಳು. ಸಣ್ಣ ಮಗಳಿಗೆ ಬೇರೆ ಕಡೆ ಗಂಡು ನೋಡಿದ ಸುದ್ದಿ ಹೇಳಿದಳು. ಹಳೆಯದನ್ನು ಇಬ್ಬರೂ ಎತ್ತಲಿಲ್ಲ. ಹೋಗುವಾಗ ಒಂದು ಸುದ್ದಿ ಹೇಳಿದಳು: ಸಾಹುಕಾರರು ಯಾವುದೋ ಬಡವರ ಮನೆಯಿಂದ ಮಗನಿಗೆ ಮತ್ತೊಂದು ಹೆಣ್ಣು ತಂದಿದ್ದರು.

ಆಕೆ ಹೋದ ಮೇಲೆ ನರ್ಸಮ್ಮ ಹೊಸ್ತಿಲ ಮೇಲೆ ಕುಳಿತಳು. “ಈ ಹುಡುಗಿ ಉಳೀತು. ಇನ್ನೊಬ್ಬರ ಹುಡುಗಿ ಹೋತು ಅಲ್ಲಿ,” ಅಂದಳು. ಡಾಕ್ಟರಮ್ಮ ಆಕೆಯನ್ನು ಮತ್ತೆ ಹೆರಿಗೆ ಕೆಲಸಕ್ಕೆ ಕರೆದಾಗ ಆಕೆ ಕೇಳಿಕೊಂಡದ್ದು ಒಂದೇ: ತನ್ನನ್ನು ದೇವದುರ್ಗದ ದವಾಖಾನೆಗೇ ಕಳಿಸಬೇಕು. ಅದನ್ನು ಹೇಳುವಾಗ ಗೋಡೆ ಹಿಡಿದುಕೊಂಡಿದ್ದಳಂತೆ.

ಯುದ್ಧ ಮುಗಿದ ಮೇಲೆ ಒಂದು ಬೇಸಿಗೆ ರಜೆಯಲ್ಲಿ ನಾನು ದೇವದುರ್ಗಕ್ಕೆ ಹೋಗಿ ಕೆಲವು ದಿನ ಆಕೆಯ ಜೊತೆ ಇದ್ದೆ. ಕೂದಲು ಅರ್ಧ ಬೆಳ್ಳಗಾಗಿತ್ತು. ಹಲ್ಲಿಗೆ ಈಗಲೂ ಬೆಚ್ಚುತ್ತಿದ್ದಳು. ಪೇಟೆಯಲ್ಲಿ ಸಾಹುಕಾರರ ಅಂಗಡಿ ಬಂದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು. “ಅವರ ಆಳುಗಳು ಎರಡು ಸಲ ಕಿಡಕಿಗೆ ಕಲ್ಲು ಹೊಡದಾರ,” ಎಂದು ಪಲ್ಯ ಹೆಚ್ಚುತ್ತ ಹೇಳಿದಳು. ವಾಪಸು ರಾಯಚೂರಿಗೆ ಬಂದುಬಿಡಬಾರದೇ ಎಂದು ಕೇಳಿದೆ. “ದಿನಾ ಮುಂಜಾನಿ ಅದನ್ನ ಕೇಳ್ತೀನಿ ಯೇಸಪ್ಪಗ. ಅವ ಏನೂ ಅನ್ನಾಂಗಿಲ್ಲ. ಅದಕ್ಕ ಇದ್ದೀನಿ,” ಅಂದಳು.

ಒಂದು ಬೆಳಿಗ್ಗೆ ನಾವು ದವಾಖಾನೆಯ ಮುಂದಿನ ಚಪ್ಪರದಲ್ಲಿ ಕೂತಿದ್ದೆವು. ಸಾಹುಕಾರರು ಬಂದರು. ಆಳುಗಳಿರಲಿಲ್ಲ, ಒಬ್ಬರೇ. ಕುರ್ಡಿಯಲ್ಲಿ ಕಂಡ ಮನುಷ್ಯ ಇವರೇ ಎಂದು ಗುರುತಿಸಲು ನನಗೆ ತುಸು ಹೊತ್ತು ಹಿಡಿಯಿತು, ಅಷ್ಟು ಇಳಿದುಹೋಗಿದ್ದರು. ನರ್ಸಮ್ಮ ಎದ್ದು ನಿಂತಳು.

“ಸೊಸಿಗೆ ನೋವು ಬಂದಾವ,” ಅಂದರು ಸಾಹುಕಾರರು, ಆಕೆಯ ಮುಖ ನೋಡದೆ. “ಸೂಲಗಿತ್ತಿ ಬಂದಾಳ. ಆದ್ರ ಆಕಿ ಯಾರನ್ನೂ ಹತ್ತಿರ ಬಿಡವಲ್ಲಳು. ನಿನ್ನ ಕರಕೊಂಡು ಬರ್ರಿ ಅಂತಾಳ.”

“ಬರ್ತೀನ್ರಿ ಸಾವಕಾರ್ರ. ಆದ್ರ ಮೊದಲ ಹೇಳಿಬಿಡ್ತೀನಿ. ಒಳಗ ನಾ ಏನು ನೋಡ್ತೀನೋ, ಹೊರಗ ಬಂದು ಅದನ್ನ ಹೇಳ್ತೀನಿ. ಯಾರು ಕೇಳಿದ್ರೂ ಹೇಳ್ತೀನಿ. ಅದಕ್ಕ ಒಪ್ಪಿಗಿ ಇದ್ರ ಕರಕೊಂಡು ಹೋಗ್ರಿ.”

ಸಾಹುಕಾರರು ನೆಲ ನೋಡುತ್ತ ನಿಂತರು. “ಗೊತ್ತದ,” ಅಂದರು. “ಅದಕ್ಕ ನೀನ ಬೇಕಂತಾಳ ಆಕಿ.”

ನರ್ಸಮ್ಮ ಚೀಲ ತಂದಳು. ಅದರ ಕೊಂಡಿ ಹಾಕಲು ಕೈ ಬರಲಿಲ್ಲ, ನಾನು ಹಾಕಿಕೊಟ್ಟೆ. ಬಿಸಿಲಲ್ಲಿ ಇಬ್ಬರೂ ಹೋದರು, ಸಾಹುಕಾರರು ಮುಂದೆ, ಆಕೆ ಹಿಂದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದು ಕೈಕಾಲು ತೊಳೆದು ಚಹಾಕ್ಕೆ ನೀರಿಟ್ಟಳು.

“ಹೆಣ್ಣು,” ಅಂದಳು. “ಇಬ್ಬರೂ ಚಲೋ ಅದಾರ.”

“ಗಂಡ ಇದ್ದನೇನು?”

“ಇದ್ದ. ಬಾಗಲದಾಗ ನಿಂತಿದ್ದ. ನಾಳಿ ಮುಂಜಾನಿ ಮತ್ತ ಬರ್ತೀನಿ, ನಾಡದೂ ಬರ್ತೀನಿ, ಈಕಿ ಎದ್ದು ತಿರುಗಾಡೂ ತನಕ ದಿನಾ ಬಂದು ಮೈ ನೋಡಿ ಹೋಗ್ತೀನಿ ಅಂತ ಅವನ ಮುಂದ ಹೇಳಿ ಬಂದೀನಿ.” ಲೋಟವನ್ನು ನನ್ನ ಕೈಗೆ ಕೊಟ್ಟಳು. “ನಾಳಿ ಮನಿತನಕ ಬರ್ತೀರೇನ್ರಿ ಅಕ್ಕೋರ? ದಾರ್‍ಯಾಗ ಆ ಕರೀ ನಾಯಿ ಇರ್ತದ.”